ಟಾಮ್ ಅಂಡ್ ಜೆರ್ರಿ ಮಾಡಿದವರೇ ಯೋಗಿ ಬೇರ್ ಮಾಡಿದ್ದಾ? ಹನ್ನಾ-ಬಾರ್ಬೆರಾ ಬಗ್ಗೆ ಮಾತಾಡೋಣ

ಹಾಸನದ ಆಂಟೆನಾ:

ನಮಸ್ಕಾರ. ಭಾನುವಾರ ಮಗಳಿಗೆ ಒಂದು ಹಳೇ ಟಾಮ್ ಅಂಡ್ ಜೆರ್ರಿ ತೋರಿಸಿದೆ. ಟಾಮ್ ಕಪ್ಪು ಕೋಟು ಹಾಕಿಕೊಂಡು ಪಿಯಾನೋ ನುಡಿಸ್ತಾನಲ್ಲ, ಜೆರ್ರಿ ಪಿಯಾನೋ ಒಳಗೆ ಮಲಗಿರ್ತಾನೆ, ಅದು. 1947ರದ್ದು. ಅವಳು ಬಿದ್ದು ಬಿದ್ದು ನಕ್ಕಳು. ಅದಾದ ಮೇಲೆ ಯೋಗಿ ಬೇರ್ ಹಾಕಿದೆ. ಐದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಕೇಳಿದಳು: "ಅಪ್ಪಾ, ಈ ಕರಡಿ ಯಾಕೆ ಅಲ್ಲಾಡೋದೇ ಇಲ್ಲ? ಬಾಯಿ ಮಾತ್ರ ಆಡ್ತಿದೆ."

ನನಗೆ ಉತ್ತರ ಗೊತ್ತಿರಲಿಲ್ಲ. ಹೆಸರು ನೋಡಿದರೆ ಎರಡರಲ್ಲೂ ಅದೇ ಇಬ್ಬರು. ವಿಲಿಯಂ ಹನ್ನಾ, ಜೋಸೆಫ್ ಬಾರ್ಬೆರಾ. ಮೊದಲನೆಯದರಲ್ಲಿ ಬೆಕ್ಕಿನ ಬೆರಳು ಒಂದೊಂದೂ ಜೀವ ಬಂದ ಹಾಗೆ ಓಡುತ್ತದೆ. ಎರಡನೆಯದರಲ್ಲಿ ಕರಡಿ ಕಂಬದ ಹಾಗೆ ನಿಂತಿದೆ. ಹತ್ತು ಹನ್ನೆರಡು ವರ್ಷದಲ್ಲಿ ಅದೇ ಜನ ಕೆಲಸ ಮರೆತುಬಿಟ್ಟರಾ? ಏನಾಯ್ತು ಇವರಿಗೆ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ರೀಲುಪೆಟ್ಟಿಗೆ:

ಕೆಲಸ ಮರೆಯಲಿಲ್ಲ ಸರ್. ಕೆಲಸ ಹೋಯಿತು. ಸ್ವಲ್ಪ ಉದ್ದವಾಗಿ ಬರೀತೀನಿ, ಯಾಕೆಂದರೆ ಇದನ್ನು ಅರ್ಧ ಹೇಳಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಹನ್ನಾ ಹುಟ್ಟಿದ್ದು 1910ರಲ್ಲಿ, ನ್ಯೂ ಮೆಕ್ಸಿಕೋದ ಮೆಲ್ರೋಸ್ ಎಂಬ ಊರಲ್ಲಿ. ಹಾಲಿವುಡ್‌ನ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಬಳಸಿದ ಪ್ಲಾಸ್ಟಿಕ್ ಹಾಳೆ ತೊಳೆಯುವ ಕೆಲಸದಿಂದ ಶುರು ಮಾಡಿದವರು. ಬಾರ್ಬೆರಾ ನ್ಯೂಯಾರ್ಕ್‌ನವರು, 1911ರವರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದುಕೊಂಡು ಪತ್ರಿಕೆಗಳಿಗೆ ಚಿತ್ರ ಕಳಿಸ್ತಿದ್ದರು. ಇಬ್ಬರೂ ಸಿಕ್ಕಿದ್ದು 1937ರಲ್ಲಿ, ಎಂಜಿಎಂ ಸ್ಟುಡಿಯೋದ ಕಾರ್ಟೂನ್ ವಿಭಾಗದಲ್ಲಿ. ಬಾರ್ಬೆರಾ ಚಿತ್ರ ಬರೆದು ತಮಾಷೆ ಕಟ್ಟುವವರು. ಹನ್ನಾಗೆ ಸಂಗೀತದ ಕಿವಿ ಇತ್ತು. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಹೊಡೆತ ಬೀಳಬೇಕು ಅನ್ನುವ ತಾಳ ಅವರ ಕೈಯಲ್ಲಿತ್ತು.

1940ರ ಫೆಬ್ರವರಿಯಲ್ಲಿ ಅವರ ಮೊದಲ ಬೆಕ್ಕು-ಇಲಿ ಚಿತ್ರ ಬಂತು. ಆಗ ಬೆಕ್ಕಿನ ಹೆಸರು ಜಾಸ್ಪರ್. ಆಮೇಲೆ ಸ್ಟುಡಿಯೋ ಒಳಗೇ ಹೆಸರಿಡುವ ಸ್ಪರ್ಧೆ ನಡೆಯಿತು. ಟಾಮ್, ಜೆರ್ರಿ ಅಂತ ಸೂಚಿಸಿದ ಅನಿಮೇಟರ್‌ಗೆ 50 ಡಾಲರ್ ಸಿಕ್ಕಿತು. ಮುಂದಿನ ಹದಿನೆಂಟು ವರ್ಷ ಇವರಿಬ್ಬರು 114 ಚಿತ್ರ ಮಾಡಿದರು. ಏಳು ಆಸ್ಕರ್ ಬಂತು. ಆದರೆ ವೇದಿಕೆ ಹತ್ತಿ ಪ್ರಶಸ್ತಿ ತೆಗೆದುಕೊಳ್ಳುತ್ತಿದ್ದದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ. ಮಾಡಿದವರು ಸಭೆಯಲ್ಲಿ ಕೂತು ನೋಡಬೇಕಿತ್ತು. ಇದನ್ನು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ.

1957ರಲ್ಲಿ ಎಂಜಿಎಂ ಲೆಕ್ಕದವರು ಒಂದು ವಿಷಯ ಕಂಡುಕೊಂಡರು. ಹಳೇ ಕಾರ್ಟೂನನ್ನೇ ಮತ್ತೆ ಚಿತ್ರಮಂದಿರಕ್ಕೆ ಬಿಟ್ಟರೆ ಹೊಸದರ ಗಳಿಕೆಯ ಸುಮಾರು ನೂರಕ್ಕೆ ತೊಂಬತ್ತು ಭಾಗ ಬರುತ್ತೆ. ಮತ್ತೆ ಹೊಸದನ್ನು ಯಾಕೆ ಮಾಡಬೇಕು? ಒಂದು ಫೋನ್ ಬಂತು. ಇಡೀ ವಿಭಾಗ ಮುಚ್ಚಿತು. ಅವರು ಮಾಡಿದ ಕೆಲಸ ಅಷ್ಟು ಚೆನ್ನಾಗಿ ಬಾಳಿಕೆ ಬಂದಿದ್ದೇ ಅವರ ಹೊಟ್ಟೆಯ ಮೇಲೆ ಹೊಡೆಯಿತು.

ಗದಗಿನ ಹಕ್ಕಿ:

ಓದ್ತಾ ಇದ್ದೀನಿ, ಮುಂದುವರಿಸಿ ರೀಲಣ್ಣಾ.

ನಡುವೆ ನನ್ನದೊಂದು ಪ್ರಶ್ನೆ. ನಮ್ಮಜ್ಜನಿಗೆ ಇಂಗ್ಲಿಷ್ ಒಂದಕ್ಷರ ಬರ್ತಿರಲಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದು ನಮ್ಮ ಜೊತೆ ಟಾಮ್ ಅಂಡ್ ಜೆರ್ರಿ ನೋಡ್ತಿದ್ದರು. ಟಾಮ್ ಬಾಲ ಸಿಕ್ಕಿಕೊಂಡು "ಆಆಅವ್" ಅಂತ ಕಿರುಚ್ತಾನಲ್ಲ, ಅಲ್ಲಿ ಅಜ್ಜ ಕಣ್ಣಲ್ಲಿ ನೀರು ಬರೋ ಹಾಗೆ ನಗೋರು. ಆ ಕಿರುಚು ಯಾರದು? ಮನುಷ್ಯರದ್ದಾ, ಯಾವುದಾದರೂ ವಾದ್ಯದ್ದಾ?

ರೀಲುಪೆಟ್ಟಿಗೆ:

ಬರ್ತೀನಿ ಅಲ್ಲಿಗೆ. ಮೊದಲು 1957ರ ಕಥೆ ಮುಗಿಸ್ತೀನಿ.

ಕೆಲಸ ಕಳೆದುಕೊಂಡವರು ಅದೇ ವರ್ಷ ಜುಲೈನಲ್ಲಿ ತಮ್ಮದೇ ಕಂಪನಿ ಶುರು ಮಾಡಿದರು. ಎಂಜಿಎಂನಲ್ಲಿ ಸಿನಿಮಾ ನಿರ್ದೇಶಿಸುತ್ತಿದ್ದ ಜಾರ್ಜ್ ಸಿಡ್ನಿ ಜೊತೆಗಿದ್ದರು. ಯಾರ ಹೆಸರು ಮೊದಲು ಬರಬೇಕು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಮೊದಲು ಕೂತದ್ದು ಒಂದು ಕಾಲದಲ್ಲಿ ಚಾರ್ಲಿ ಚಾಪ್ಲಿನ್ ಕಟ್ಟಿಸಿದ್ದ ಸ್ಟುಡಿಯೋದಲ್ಲಿ. ದುಡ್ಡು ಕೊಡಲು ಮುಂದೆ ಬಂದದ್ದು ಕೊಲಂಬಿಯಾ ಸಿನಿಮಾ ಕಂಪನಿಯ ಟಿವಿ ಅಂಗ ಸ್ಕ್ರೀನ್ ಜೆಮ್ಸ್.

ಎಷ್ಟು ದುಡ್ಡು? ಇಲ್ಲೇ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇರೋದು. ಏಳು ನಿಮಿಷದ ಒಂದು ಟಾಮ್ ಅಂಡ್ ಜೆರ್ರಿಗೆ ಸುಮಾರು 40,000 ಡಾಲರ್ ಖರ್ಚಾಗುತ್ತಿತ್ತು. ಟಿವಿಯವರು ಐದು ನಿಮಿಷದ ಕಂತಿಗೆ ಕೊಡಲು ಒಪ್ಪಿದ್ದು 3,000 ಡಾಲರ್ ಆಸುಪಾಸು. ಅದರಲ್ಲೇ 1957ರ ಡಿಸೆಂಬರ್‌ನಲ್ಲಿ ರಫ್ ಅಂಡ್ ರೆಡ್ಡಿ ಬಂತು. 1958ರಲ್ಲಿ ಒಂದು ನಾಯಿಯ ಸರಣಿ ಹಕಲ್‌ಬೆರಿ ಹೌಂಡ್, ಅದರೊಳಗಿಂದಲೇ ಯೋಗಿ ಬೇರ್. ಹಕಲ್‌ಬೆರಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಗೆದ್ದ ಮೊದಲ ಅನಿಮೇಷನ್ ಸರಣಿ.

ಪೆನ್ಸಿಲ್ ತುದಿ:

ನಾನು ಬೆಂಗಳೂರಲ್ಲಿ ಅನಿಮೇಷನ್ ಕೆಲಸ ಮಾಡ್ತೀನಿ, ಹನ್ನೊಂದು ವರ್ಷ ಆಯ್ತು. ಆ ಕರಡಿ ಯಾಕೆ ಅಲ್ಲಾಡಲ್ಲ ಅನ್ನೋದನ್ನು ಕೈಕೆಲಸದ ಕಡೆಯಿಂದ ಹೇಳ್ತೀನಿ.

ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಏಳು ನಿಮಿಷಕ್ಕೆ ಲೆಕ್ಕ ಹಾಕಿ: 5,040. ಅದೂ ಒಂದೇ ಪಾತ್ರಕ್ಕೆ. ಟಾಮ್, ಜೆರ್ರಿ ಇಬ್ಬರೂ ಓಡ್ತಿದ್ದರೆ ಅದರ ಡಬಲ್. ಪ್ರತಿಯೊಂದನ್ನೂ ಪೆನ್ಸಿಲ್‌ನಲ್ಲಿ ಬರೆದು, ಸೆಲ್ ಅನ್ನುವ ಪಾರದರ್ಶಕ ಹಾಳೆಗೆ ಮಸಿಯಲ್ಲಿ ಇಳಿಸಿ, ಹಿಂದಿನಿಂದ ಬಣ್ಣ ತುಂಬಬೇಕು.

ಯೋಗಿಗೆ ಅಷ್ಟು ದುಡ್ಡೂ ಇಲ್ಲ, ದಿನವೂ ಇಲ್ಲ. ಅದಕ್ಕೆ ಪಾತ್ರವನ್ನೇ ತುಂಡು ಮಾಡಿದರು. ಮೈ ಒಂದು ಸೆಲ್. ತಲೆ ಇನ್ನೊಂದು. ಬಾಯಿ ಮತ್ತೊಂದು. ಯೋಗಿ ಮಾತಾಡುವಾಗ ಮೈ ಇರುವ ಸೆಲ್ ಹಾಗೇ ಇರುತ್ತೆ, ಬಾಯಿ ಮಾತ್ರ ಬದಲಾಗುತ್ತೆ. ಬಾಯಿಗೂ ಹತ್ತಕ್ಕಿಂತ ಕಡಿಮೆ ಆಕಾರ ಸಾಕು. ಈಗ ಯೋಗಿಯ ಕುತ್ತಿಗೆ ನೋಡಿ. ಬಿಳಿ ಕಾಲರ್, ಹಸಿರು ಟೈ. ಕಾಡಿನ ಕರಡಿಗೆ ಟೈ ಯಾಕೆ? ತಲೆ ಮತ್ತು ಮೈ ಸೇರುವ ಗೆರೆ ಕಾಣಬಾರದು, ಅದಕ್ಕೆ. ಶಿಲಾಯುಗದ ಕಾರ್ಟೂನಿನ ಫ್ರೆಡ್ ಫ್ಲಿಂಟ್‌ಸ್ಟೋನ್ ಟೈ, ಹಕಲ್‌ಬೆರಿಯ ಬೋ ಟೈ, ಎಲ್ಲವನ್ನೂ ಈಗ ಇನ್ನೊಮ್ಮೆ ನೋಡಿ. ಈ ವಿಷಯ ತಿಳಿದ ದಿನ ನಾನು ರಾತ್ರಿ ಎರಡರವರೆಗೂ ಹಳೇ ಕಾರ್ಟೂನ್ ನೋಡ್ತಾ ಕುತ್ತಿಗೆಗಳನ್ನೇ ಗಮನಿಸ್ತಿದ್ದೆ.

ಇನ್ನೂ ಇದೆ. ಯಾರಾದರೂ ಗೋಡೆಗೆ ಡಿಕ್ಕಿ ಹೊಡೆಯಬೇಕು ಅಂದುಕೊಳ್ಳಿ. ಟಾಮ್ ಆಗಿದ್ದರೆ ಗೋಡೆಗೆ ಅಪ್ಪಳಿಸಿ, ಚಪ್ಪಟೆಯಾಗಿ, ಜಾರಿ ಕೆಳಗೆ ಬರೋದನ್ನೆಲ್ಲ ಬರೀತಾರೆ. ಯೋಗಿ ಪರದೆಯಿಂದ ಆಚೆ ಓಡ್ತಾನೆ, ಕ್ಯಾಮೆರಾ ಅಲುಗುತ್ತೆ, ಢಬ್ ಅಂತ ಸದ್ದು, ಆಮೇಲೆ ತಲೆ ಮೇಲೆ ನಕ್ಷತ್ರ ಇಟ್ಟುಕೊಂಡು ಕೂತ ಯೋಗಿ. ನಡುವಿನ ಕೆಲಸವನ್ನು ನಮ್ಮ ಕಿವಿಯೇ ಮಾಡಿ ಮುಗಿಸಿತು.

ಇದನ್ನು ಅವರು ಟಿವಿಗೆ ಬಂದ ಮೇಲೆ ಕಂಡುಹಿಡಿದದ್ದೂ ಅಲ್ಲ. ಎಂಜಿಎಂನಲ್ಲಿ ಟಾಮ್ ಅಂಡ್ ಜೆರ್ರಿ ಮಾಡುವಾಗ ಮೊದಲು ಮುಖ್ಯ ಭಂಗಿಗಳನ್ನು ಮಾತ್ರ ಬರೆದು, ತಾಳಕ್ಕೆ ಕೂರಿಸಿ, ಫಿಲ್ಮ್ ಮಾಡಿ ನೋಡ್ತಿದ್ದರು. ಕೆಲವೇ ಚಿತ್ರಗಳ ಆ ಕಚ್ಚಾ ಫಿಲ್ಮಿಗೂ ಜನ ನಗ್ತಿದ್ದರು. ಟೈಮಿಂಗ್ ಸರಿ ಇದ್ದರೆ ಕಡಿಮೆ ಚಿತ್ರದಲ್ಲೂ ನಗು ಬರುತ್ತೆ ಅನ್ನೋ ಧೈರ್ಯ ಅವರಿಗೆ ಅಲ್ಲಿಂದ ಬಂದಿತ್ತು.

ಹಾಸನದ ಆಂಟೆನಾ:

ಮಗಳಿಗೆ ಟೈ ವಿಷಯ ಹೇಳಿದೆ. ಈಗ ಎಲ್ಲ ಕಾರ್ಟೂನಿನಲ್ಲೂ ಕುತ್ತಿಗೆ ನೋಡ್ತಿದ್ದಾಳೆ. ತುಂಬಾ ಥ್ಯಾಂಕ್ಸ್.

ಒಂಬತ್ತರ ಆಟ:

ಎಲ್ಲರೂ ಹೊಗಳ್ತಾ ಇದ್ದೀರಿ. ನನ್ನ ಅಭಿಪ್ರಾಯ ಬೇರೆ. ಕಾರಣ ಅರ್ಥವಾಗುತ್ತೆ, ಆದರೆ ಫಲ ಏನಾಯ್ತು ಅಂತಲೂ ನೋಡಬೇಕಲ್ವಾ?

ವಾರ್ನರ್ ಸ್ಟುಡಿಯೋದ ಚಕ್ ಜೋನ್ಸ್ ಇಂಥ ಟಿವಿ ಕಾರ್ಟೂನುಗಳನ್ನು ಚಿತ್ರ ಇರುವ ರೇಡಿಯೋ ಅಂತ ಕರೆದರು. ಕಣ್ಣು ಮುಚ್ಚಿ ಕೇಳಿದರೂ ಕಥೆ ಪೂರ್ತಿ ತಿಳಿಯುತ್ತೆ ಅಂತ ಅವರ ಆಕ್ಷೇಪ. ನನಗದು ನೂರಕ್ಕೆ ನೂರು ಸರಿ ಅನ್ಸುತ್ತೆ. ಫ್ರೆಡ್ ಮನೆಯೊಳಗೆ ಓಡಿದರೆ ಅದೇ ಕಿಟಕಿ, ಅದೇ ಮೇಜು, ಮತ್ತೆ ಅದೇ ಕಿಟಕಿ. ಮನೆ ಎಷ್ಟು ಉದ್ದ ಇದೆ?

ಒಂದು ಗೆದ್ದರೆ ಅದನ್ನೇ ಅಚ್ಚು ಹಾಕುವುದು ಇನ್ನೊಂದು ರೋಗ. 1969ರಲ್ಲಿ ನಾಯಿ ಇರುವ ಸ್ಕೂಬಿ-ಡೂ ಗೆದ್ದಿತು. ಆಮೇಲೆ ಒಂದು ಹಿಂಡು ಹುಡುಗ ಹುಡುಗಿಯರು, ಜೊತೆಗೊಂದು ವಿಚಿತ್ರ ಜೀವಿ, ಒಂದು ರಹಸ್ಯ. ಜೀವಿಯ ಜಾಗದಲ್ಲಿ ಒಮ್ಮೆ ಮಾತಾಡುವ ಕಾರು ಸ್ಪೀಡ್ ಬಗ್ಗಿ. ಒಮ್ಮೆ ತಿಮಿಂಗಿಲದ ಗಾತ್ರದ ಶಾರ್ಕ್ ಜಾಬರ್‌ಜಾ. ಒಮ್ಮೆ ಗುಹೆಮಾನವ ಕ್ಯಾಪ್ಟನ್ ಕೇವ್‌ಮ್ಯಾನ್. 1975ರಲ್ಲಿ ಟಾಮ್ ಅಂಡ್ ಜೆರ್ರಿಯನ್ನೇ ಟಿವಿಗೆ ತಂದರು. ಇಬ್ಬರೂ ಗೆಳೆಯರು! ಹೊಡೆದಾಟ ಇಲ್ಲ. ಜೆರ್ರಿ ಕುತ್ತಿಗೆಗೆ ಕೆಂಪು ಬೋ ಟೈ. ತಾವೇ ಹುಟ್ಟಿಸಿದ ಮಕ್ಕಳಿಗೆ ಹೀಗೆ ಮಾಡಬಾರದಿತ್ತು.

ರೀಲುಪೆಟ್ಟಿಗೆ:

1975ರ ವಿಷಯದಲ್ಲಿ ನಿಮ್ಮ ನೋವು ನನ್ನದೂ ಹೌದು. ಆದರೆ ಆ ಹೊತ್ತಿಗೆ ಅಮೆರಿಕದಲ್ಲಿ ತಾಯಂದಿರ ಸಂಘಗಳು ಟಿವಿ ಕಾರ್ಟೂನಿನ ಹೊಡೆದಾಟದ ವಿರುದ್ಧ ನಿಂತಿದ್ದವು. 1968ರಲ್ಲಿ ಬಾಸ್ಟನ್ ಕಡೆ ಶುರುವಾದ ಒಂದು ಸಂಘಟನೆಯ ಒತ್ತಡ ದೊಡ್ಡದಿತ್ತು. ಚಾನೆಲ್‌ನವರು ಹೆದರಿದ್ದರು. ಸ್ಕೂಬಿ-ಡೂ ಹುಟ್ಟಿದ್ದೂ ಅದೇ ಹೆದರಿಕೆಯಿಂದ. ಯಾರೂ ಯಾರನ್ನೂ ಹೊಡೆಯದ ಒಂದು ಶೋ ಬೇಕಿತ್ತು.

ಆದರೆ "ಚಿತ್ರ ಇರುವ ರೇಡಿಯೋ" ಅನ್ನುವ ಮಾತನ್ನು ನಾನು ಬೈಗುಳವಾಗಿ ತಗೊಳ್ಳಲ್ಲ. ರೇಡಿಯೋ ನಾಟಕ ದೊಡ್ಡ ಕಲೆ. ಅಮೆರಿಕದಲ್ಲಿ ರೇಡಿಯೋ ನಾಟಕದ ಕಾಲ ಮುಗಿಯುತ್ತಾ ಬಂದಿತ್ತು. ಅದರ ದನಿ ಕಲಾವಿದರಿಗೆ ಕೆಲಸ ಬೇಕಿತ್ತು. ಚಿತ್ರ ಬರೆಯಲು ದುಡ್ಡಿಲ್ಲದ ಈ ಸ್ಟುಡಿಯೋಗೆ ದನಿ ಬೇಕಿತ್ತು. ಡಾಸ್ ಬಟ್ಲರ್ ಒಬ್ಬರೇ ಯೋಗಿ, ಹಕಲ್‌ಬೆರಿ, ಕ್ವಿಕ್ ಡ್ರಾ, ಸ್ನ್ಯಾಗಲ್‌ಪಸ್. ಡಾನ್ ಮೆಸಿಕ್ ಒಬ್ಬರೇ ಬೂಬೂ, ಅಸ್ಟ್ರೋ, ಸ್ಕೂಬಿ, ಮತ್ತೆ ಮಟ್‌ಲಿಯ ಆ ಉಸಿರು ಎಳೆಯುವ ಕಳ್ಳನಗು. ಅವರ ಕಂಠ ಆ ನಿಂತ ಚಿತ್ರವನ್ನು ನಡೆಸಿತು.

ಮೆಲ್ ಬ್ಲಾಂಕ್ ವಿಷಯ ಹೇಳಲೇಬೇಕು. ಫ್ಲಿಂಟ್‌ಸ್ಟೋನ್ಸ್‌ನಲ್ಲಿ ಫ್ರೆಡ್‌ನ ಗೆಳೆಯ ಬಾರ್ನಿಗೆ ದನಿ ಕೊಡುತ್ತಿದ್ದವರು. 1961ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಅಪಾಯದ ತಿರುವಿನಲ್ಲಿ ಅವರ ಕಾರಿಗೆ ಇನ್ನೊಂದು ಕಾರು ಎದುರಿನಿಂದ ಗುದ್ದಿತು. ದಿನಗಟ್ಟಲೆ ಪ್ರಜ್ಞೆ ಇರಲಿಲ್ಲ. ಕೆಲವು ಎಪಿಸೋಡಿಗೆ ಬಟ್ಲರ್ ಬಂದು ಬಾರ್ನಿ ಆದರು. ಆಮೇಲೆ ಬ್ಲಾಂಕ್ ಮನೆಯಲ್ಲಿ ಮೈತುಂಬ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವಾಗ, ಹಾಸಿಗೆ ಮೇಲಕ್ಕೆ ಮೈಕ್ ಇಳಿಬಿಟ್ಟು, ಉಳಿದ ಕಲಾವಿದರು ಸುತ್ತ ನಿಂತು ರೆಕಾರ್ಡ್ ಮಾಡಿದರು. ಆ ಎಪಿಸೋಡುಗಳಲ್ಲಿ ಬಾರ್ನಿ ನಗುವುದನ್ನು ಕೇಳಿ. ಮಲಗಿರುವ ಮನುಷ್ಯ ಅಂತ ಗೊತ್ತೇ ಆಗಲ್ಲ.

ಕರಾವಳಿ ಗಾಳಿ:

ಫ್ಲಿಂಟ್‌ಸ್ಟೋನ್ಸ್ ಬಗ್ಗೆ ಒಂದು ಮಾತು. ಅದು ಮಕ್ಕಳಿಗೆ ಅಂತ ಮಾಡಿದ್ದೇ ಅಲ್ಲ. 1960ರ ಸೆಪ್ಟೆಂಬರ್ 30ರಂದು ಎಬಿಸಿಯಲ್ಲಿ ರಾತ್ರಿ ಊಟದ ಹೊತ್ತಿಗೆ, ದೊಡ್ಡವರು ಟಿವಿ ಮುಂದೆ ಕೂರುವ ಸಮಯಕ್ಕೆ ಬಂತು. ಆ ಹೊತ್ತಿಗೆ ಬಂದ ಮೊದಲ ಅನಿಮೇಷನ್ ಸರಣಿ ಅದು. 1966ರವರೆಗೆ 166 ಎಪಿಸೋಡ್. ಮೊದಮೊದಲು ಪ್ರಾಯೋಜಕರು ಒಂದು ಸಿಗರೇಟ್ ಕಂಪನಿ. ಫ್ರೆಡ್, ಬಾರ್ನಿ ಇಬ್ಬರೂ ಸಿಗರೇಟ್ ಸೇದುವ ಜಾಹೀರಾತೇ ಇದೆ. ನಾನು ನೋಡಿ ಬೆಚ್ಚಿಬಿದ್ದೆ. ಗಂಡ ಹೆಂಡತಿ ಜಗಳ, ಬಾಸ್ ಕಾಟ, ಪಕ್ಕದ ಮನೆ ಗೆಳೆಯ, ಎಲ್ಲ ಸಂಸಾರದ ವಿಷಯ. ಅದನ್ನು ಶಿಲಾಯುಗಕ್ಕೆ ಒಯ್ದು, ಆನೆ ಸೊಂಡಿಲಿನಿಂದ ಪಾತ್ರೆ ತೊಳೆಸಿ, ಹಕ್ಕಿ ಕೊಕ್ಕಿನಿಂದ ರೆಕಾರ್ಡ್ ಹಾಡಿಸಿದರು. ಈ ಐಡಿಯಾಗಳಿಗೆ ಜಾಸ್ತಿ ಚಿತ್ರ ಬೇಕಿಲ್ಲ. ಒಂದು ನೋಟಕ್ಕೇ ನಗು ಬರುತ್ತೆ.

1962ರ ಜೆಟ್ಸನ್ಸ್ ಅದನ್ನೇ ಭವಿಷ್ಯಕ್ಕೆ ತಿರುಗಿಸಿದ್ದು. ಮೊದಲ ಸಲ ಬರೀ 24 ಎಪಿಸೋಡಿಗೆ ನಿಂತುಹೋಯಿತು ಅಂದರೆ ನಂಬೋಕೆ ಕಷ್ಟ. ಅವನ್ನೇ ತಿರುಗಾ ಮುರುಗಾ ಹಾಕಿ, ಹೊಸದು ಮಾಡಿದ್ದು 1985ರಲ್ಲಿ.

ಮೈಸೂರು ಮಸಿ:

ಜಾನಿ ಕ್ವೆಸ್ಟ್ ಯಾರೂ ನೆನಪಿಸಲಿಲ್ಲ? ಒಬ್ಬ ಹುಡುಗನ ಸಾಹಸದ ಸರಣಿ, 1964ರದ್ದು. ಆ ಸ್ಟುಡಿಯೋ ಮಾಡಿದ್ದರಲ್ಲಿ ನೋಡಲು ಅತ್ಯಂತ ಚೆಂದದ್ದು ಅದೇ ಅಂತ ನನ್ನ ಅನಿಸಿಕೆ. ಡಗ್ ವೈಲ್ಡಿ ಅನ್ನುವ ಕಾಮಿಕ್ಸ್ ಕಲಾವಿದರ ಕೈ. ದಪ್ಪ ಕಪ್ಪು ನೆರಳು, ನಿಜವಾದ ಮನುಷ್ಯರ ಮುಖ. ಹಾಯ್ಟ್ ಕರ್ಟಿನ್ ಅವರ ಕಹಳೆಯ ಸಂಗೀತ ಕೇಳಿದರೆ ಈಗಲೂ ಎದ್ದು ಕೂರ್ತೀನಿ. 26 ಎಪಿಸೋಡ್ ಅಷ್ಟೇ.

ಅದರಲ್ಲಿ ಹಾಜಿ ಅಂತ ಒಬ್ಬ ಹುಡುಗ ಇದ್ದಾನೆ. ಕಲ್ಕತ್ತಾದ ಅನಾಥ ಹುಡುಗ. ಜಾನಿಯ ಅಪ್ಪ, ವಿಜ್ಞಾನಿ ಕ್ವೆಸ್ಟ್ ಅವರ ಪ್ರಾಣ ಉಳಿಸ್ತಾನೆ, ಅವರು ದತ್ತು ತಗೋತಾರೆ. ಸಣ್ಣವಳಿದ್ದಾಗ ಅಮೆರಿಕದ ಕಾರ್ಟೂನಿನಲ್ಲಿ ನಮ್ಮ ದೇಶದ ಹುಡುಗ, ಅದೂ ನಾಯಕನ ಅಣ್ಣತಮ್ಮನ ಹಾಗೆ ಸಮಸಮ ಇರುವುದು ನೋಡಿ ನನಗೆ ತುಂಬಾ ಖುಷಿಯಾಗಿತ್ತು. ದೊಡ್ಡವಳಾದ ಮೇಲೆ ಬೇರೆ ವಿಷಯಗಳು ಕಂಡವು. ತಲೆಗೆ ರತ್ನ ಇಟ್ಟ ಪೇಟ, ಹಗ್ಗ ಎಬ್ಬಿಸುವ ಮಾಯೆ, "ಸಿಮ್ ಸಿಮ್ ಸಲಾಬಿಮ್" ಅನ್ನುವ ಮಂತ್ರ. ಆ ಮಂತ್ರ ಕಲ್ಕತ್ತಾದ್ದೂ ಅಲ್ಲ, ನಮ್ಮ ಯಾವ ಊರಿನದ್ದೂ ಅಲ್ಲ. ಯುರೋಪ್, ಅಮೆರಿಕದ ಮ್ಯಾಜಿಕ್ ಶೋಗಳಿಂದ ಬಂದದ್ದು. ಹಾಗಿದ್ದೂ ಆ ಹುಡುಗ ಬುದ್ಧಿವಂತ, ಧೈರ್ಯವಂತ. ಕೆಲಸದವನ ಹಾಗೆ ಅವನನ್ನು ಬರೆಯಲಿಲ್ಲ. 1964ಕ್ಕೆ ಅದು ಸಣ್ಣ ವಿಷಯ ಅಲ್ಲ ಅಂತ ಈಗಲೂ ಅಂದುಕೊಳ್ತೀನಿ.

ಪೆನ್ಸಿಲ್ ತುದಿ:

ಅಕ್ಕಾ, ಚಿತ್ರಗಾರರ ಮಾತು ಬಂತಲ್ಲ, ಇವಾವೋ ಟಕಮೋಟೋ ಬಗ್ಗೆ ಬರೀಲೇಬೇಕು. ಜಪಾನಿ ಮೂಲದ ಅಮೆರಿಕನ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಇವರ ಕುಟುಂಬವನ್ನು ಕ್ಯಾಲಿಫೋರ್ನಿಯಾದ ಮಂಜನಾರ್ ಶಿಬಿರದಲ್ಲಿ ಕೂಡಿ ಹಾಕಿತ್ತು. ಅಲ್ಲೇ, ಜೊತೆಗಿದ್ದ ಕಲಾವಿದರಿಂದ ಚಿತ್ರ ಬರೆಯುವುದನ್ನು ಕಲಿತರು. ಯುದ್ಧ ಮುಗಿಯುತ್ತಲೇ ಡಿಸ್ನಿ ಸೇರಿದರು. 1961ರಲ್ಲಿ ಹನ್ನಾ-ಬಾರ್ಬೆರಾಗೆ ಬಂದರು.

ಸ್ಕೂಬಿಯನ್ನು ಬರೆದದ್ದು ಇವರು. ಸ್ಟುಡಿಯೋದಲ್ಲಿ ಗ್ರೇಟ್ ಡೇನ್ ನಾಯಿ ಸಾಕುವ ಒಬ್ಬರಿದ್ದರು. ಒಳ್ಳೇ ಜಾತಿ ನಾಯಿ ಹೇಗಿರಬೇಕು ಅಂತ ಅವರನ್ನು ಕೇಳಿದರು. ಬೆನ್ನು ನೆಟ್ಟಗಿರಬೇಕು, ಕಾಲು ನೇರ ಇರಬೇಕು, ಗಲ್ಲ ಬಿಗಿಯಾಗಿರಬೇಕು ಅಂತ ಹೇಳಿದರು. ಟಕಮೋಟೋ ಎಲ್ಲ ಉಲ್ಟಾ ಮಾಡಿದರು. ಇಳಿಜಾರು ಬೆನ್ನು, ಸೊಟ್ಟ ಕಾಲು, ಜೋಲು ಗಲ್ಲ. ಒಂಬತ್ತರ ಆಟ ಅವರೇ, ಅಲ್ಲಾಡದೇ ನಿಂತಿರುವ ಸ್ಕೂಬಿಯ ಒಂದು ಚಿತ್ರ ತೆಗೆದು ನೋಡಿ. ಅವನಿಗೆ ಹೆದರಿಕೆಯಾಗಿದೆ, ಹಸಿವಾಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತೆ. ಡಿಸೈನ್ ಅಷ್ಟು ಗಟ್ಟಿ ಇದ್ದರೆ ಕಡಿಮೆ ಚಿತ್ರ ಸಾಲುತ್ತೆ.

ಆದರೆ ನಿಮ್ಮ ಸಿಟ್ಟಿನ ಒಂದು ಭಾಗ ನನಗೂ ಇದೆ. ನನ್ನ ಸಿಟ್ಟು ಬೇರೆ ಕಡೆಗೆ. 1966ರ ಕೊನೆಗೆ ಟಾಫ್ಟ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಸ್ಟುಡಿಯೋವನ್ನು 1.2 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಇಬ್ಬರೂ ನಡೆಸುವವರಾಗಿ ಉಳಿದರು. ಶನಿವಾರ ಬೆಳಗಿನ ಶೋಗಳು ಜಾಸ್ತಿಯಾಗುತ್ತಾ ಹೋದ ಹಾಗೆ ಅನಿಮೇಷನ್ ಕೆಲಸ ಹೊರದೇಶಕ್ಕೆ ಹೋಗತೊಡಗಿತು. ಮೊದಲು ಆಸ್ಟ್ರೇಲಿಯಾ. 1978ರಲ್ಲಿ ಜೇಮ್ಸ್ ವಾಂಗ್ ತೈವಾನ್‌ನಲ್ಲಿ ಸ್ಟುಡಿಯೋ ತೆರೆದರು, ಬೇಗನೇ ಅದು ಹನ್ನಾ-ಬಾರ್ಬೆರಾದ ದೊಡ್ಡ ಕೆಲಸದ ಮನೆಯಾಯಿತು. 1979ರಲ್ಲಿ ಲಾಸ್ ಏಂಜಲೀಸ್‌ನ ಅನಿಮೇಷನ್ ಕಾರ್ಮಿಕರು ಇದರ ವಿರುದ್ಧ ಮುಷ್ಕರ ಹೂಡಿ ಗೆದ್ದರು. 1982ರಲ್ಲಿ ಮತ್ತೆ ಹೂಡಿದರು, ಸೋತರು. 1957ರಲ್ಲಿ ತಾವೇ ಬೀದಿಗೆ ಬಿದ್ದವರ ಸ್ಟುಡಿಯೋದ ಮುಂದೆ ಇದು ನಡೆಯಿತು ಅನ್ನೋದು ನನ್ನನ್ನು ಕಾಡುತ್ತೆ.

ನಾನು ಆ ಸರಪಳಿಯ ಇನ್ನೊಂದು ತುದಿಯಲ್ಲಿ ಇರುವವಳು. ನನ್ನ ಮೊದಲ ಕೆಲಸದಲ್ಲಿ ಅಮೆರಿಕದ ಒಂದು ಸರಣಿಗೆ ನಾವು ಬೆಂಗಳೂರಲ್ಲಿ ಕೂತು ಅನಿಮೇಟ್ ಮಾಡ್ತಿದ್ದೆವು. ಕಥೆ, ದನಿ, ಡಿಸೈನ್ ಎಲ್ಲ ಅಲ್ಲಿಂದ ತಯಾರಾಗಿ ಬರುತ್ತಿತ್ತು. ಎಲ್ಲಿ ಕಣ್ಣು ಮಿಟುಕಿಸಬೇಕು ಅಂತ ಕೂಡ ಹಾಳೆಯಲ್ಲಿ ಬರೆದಿರುತ್ತಿತ್ತು. ಎರಡು ವರ್ಷದ ನಂತರ ಕೆಲಸ ಇನ್ನೂ ಕಡಿಮೆ ದರದ ಊರಿಗೆ ಹೋಯಿತು. ಒಂದು ಶುಕ್ರವಾರ ನಮ್ಮ ಮೂವತ್ತು ಜನಕ್ಕೆ ಸೋಮವಾರ ಬರಬೇಡಿ ಅಂದರು. ಅದಕ್ಕೇ ತೈವಾನ್ ಕಲಾವಿದರ ಮೇಲೆ ನನಗೆ ಸಿಟ್ಟಿಲ್ಲ. ಲಾಸ್ ಏಂಜಲೀಸ್‌ನವರ ಮೇಲೂ ಇಲ್ಲ.

ಒಂಬತ್ತರ ಆಟ:

ಇದನ್ನು ಬರೆದದ್ದಕ್ಕೆ ಧನ್ಯವಾದ ತಂಗಿ. ನಾನು ಪರದೆ ಮಾತ್ರ ನೋಡಿ ಮಾತಾಡಿದೆ. ಸ್ಕೂಬಿಯ ಚಿತ್ರ ತೆಗೆದು ನೋಡಿದೆ, ನೀವು ಹೇಳಿದ್ದು ಸರಿ. ಶಾರ್ಕ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಲ್ಲ.

ಹಾಸನದ ಆಂಟೆನಾ:

ಎರಡು ದಿನದಿಂದ ಇದೇ ಯೋಚನೆ. ಒಂದು ವಿಷಯ ಹೊಳೆಯಿತು, ತಪ್ಪಿದ್ದರೆ ತಿದ್ದಿ.

ನಮ್ಮ ಊರಿಗೆ ಕೇಬಲ್ ಬಂದ ಹೊಸತು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಎಲ್ಲ ಇಂಗ್ಲಿಷ್. ರಾತ್ರಿ ಒಂಬತ್ತಕ್ಕೆ ಕಾರ್ಟೂನ್ ನಿಂತು, ಅದೇ ಚಾನೆಲ್‌ನಲ್ಲಿ ಹಳೇ ಹಾಲಿವುಡ್ ಸಿನಿಮಾ ಶುರುವಾಗೋದು. ಬೀದಿಯ ಹತ್ತು ಹನ್ನೆರಡು ಮಕ್ಕಳು ಒಂದೇ ಮನೆಯಲ್ಲಿ ಕೂತು ನೋಡ್ತಿದ್ದೆವು. ಕನ್ನಡ ಶಾಲೆಯವರೇ ಜಾಸ್ತಿ. ಟಾಮ್ ಅಂಡ್ ಜೆರ್ರಿ ಬಂದರೆ ಎಲ್ಲರೂ ಒಟ್ಟಿಗೆ ನಗ್ತಿದ್ದೆವು. ಫ್ಲಿಂಟ್‌ಸ್ಟೋನ್ಸ್ ಬಂದರೆ ಕಾನ್ವೆಂಟಿಗೆ ಹೋಗುವ ಇಬ್ಬರು ನಗ್ತಿದ್ದರು. ಉಳಿದವರು ಎದ್ದು ಹೋಗಿ ಗೋಲಿ ಆಡ್ತಿದ್ದೆವು.

ಇಷ್ಟು ವರ್ಷ ನಾನು ಅಂದುಕೊಂಡಿದ್ದು ಫ್ಲಿಂಟ್‌ಸ್ಟೋನ್ಸ್ ಬೋರಿಂಗ್ ಅಂತ. ಈಗ ಅನ್ಸುತ್ತೆ, ದುಡ್ಡು ಕಡಿಮೆಯಾದಾಗ ಅವರು ನಗುವನ್ನು ಮೈಯಿಂದ ಬಾಯಿಗೆ ಸಾಗಿಸಿದರು. ಬಾಯಿಗೆ ಭಾಷೆ ಬೇಕು. ಆ ಭಾಷೆ ನಮಗೆ ಬರ್ತಿರಲಿಲ್ಲ. ಬಟ್ಲರ್, ಮೆಸಿಕ್ ಅಷ್ಟು ಚೆನ್ನಾಗಿ ಮಾಡಿದ ಕೆಲಸ ನಮ್ಮ ಕಿವಿಗೆ ಬರೀ ಸದ್ದಾಗಿ ಬಿತ್ತು.

ಗದಗಿನ ಹಕ್ಕಿ:

ಅಯ್ಯೋ, ಹೌದಲ್ವಾ! ನಮ್ಮಜ್ಜ ಕೂಡ ಯೋಗಿ ಬಂದರೆ ಎದ್ದು ಎಲೆ-ಅಡಿಕೆ ಹಾಕಿಕೊಳ್ಳೋಕೆ ಹೋಗೋರು. ಕರಡಿ ಇಷ್ಟ ಇಲ್ಲವೇನೋ ಅಂದುಕೊಂಡಿದ್ದೆ.

ಆಮೇಲೆ ಹಿಂದಿ ಬಂತು, ತಮಿಳು ಬಂತು. ಕನ್ನಡ ಬರಲಿಲ್ಲ. ನಮ್ಮಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಾಲ ಅದು. ಅದರ ಕಾರಣಗಳು ಸಿನಿಮಾ ಮಂದಿಯ ಹೊಟ್ಟೆಪಾಡಿಗೆ ಸೇರಿದವು, ಅದನ್ನು ಇಲ್ಲಿ ಎಳೆಯಲ್ಲ. ಆದರೆ ಮಕ್ಕಳಿಗೆ ನಷ್ಟ ಆಯ್ತು. 2009ರಲ್ಲಿ ಚಿಂಟು ಟಿವಿ ಬಂದಾಗ ನನ್ನ ತಮ್ಮ ಆರು ವರ್ಷದವನು. ಕಾರ್ಟೂನು ಕನ್ನಡ ಮಾತಾಡೋದು ಕೇಳಿ ಅಡುಗೆಮನೆಗೆ ಓಡಿ ಬಂದು ಅಮ್ಮನ ಸೆರಗು ಎಳೆದು ಕರೆದುಕೊಂಡು ಹೋದ.

ಕರಾವಳಿ ಗಾಳಿ:

ಹಕಲ್‌ಬೆರಿಗೆ ಕನ್ನಡ ದನಿ ಕೊಟ್ಟಿದ್ದರೆ ಯಾವ ಕನ್ನಡ ಆಗಬೇಕಿತ್ತು? ಅವನು ಇಂಗ್ಲಿಷ್‌ನಲ್ಲಿ ಅಮೆರಿಕದ ದಕ್ಷಿಣದವರ ಹಾಗೆ ನಿಧಾನಕ್ಕೆ, ಎಳೆದೆಳೆದು ಮಾತಾಡ್ತಾನೆ. ಮೇಲೆ ಕಲ್ಲು ಬಿದ್ದರೂ ಆತುರ ಇಲ್ಲ. ನನಗೆ ಧಾರವಾಡದ ಕಡೆಯ ಒಬ್ಬ ತಾಳ್ಮೆಯ ಮೇಷ್ಟ್ರ ದನಿ ಕೇಳಿದ ಹಾಗಾಗುತ್ತೆ.

ಮೈಸೂರು ಮಸಿ:

ಕೊನೆಗೆ ಆ ಸ್ಟುಡಿಯೋ ಏನಾಯಿತು? 1981ರ ಸ್ಮರ್ಫ್ಸ್‌ವರೆಗೆ ನನಗೆ ಗೊತ್ತು. ಬೆಲ್ಜಿಯಂನ ನೀಲಿ ಗೊಂಬೆಗಳು, ದೊಡ್ಡ ಗೆಲುವು. ಆಮೇಲೆ?

ರೀಲುಪೆಟ್ಟಿಗೆ:

ಆಮೇಲೆ ಬೇಗ ಬೇಗ ಹೇಳ್ತೀನಿ. 1991ರಲ್ಲಿ ಟೆಡ್ ಟರ್ನರ್ ಕಂಪನಿ ಪಾಲುದಾರರ ಜೊತೆ ಸೇರಿ ಸುಮಾರು 32 ಕೋಟಿ ಡಾಲರ್‌ಗೆ ಸ್ಟುಡಿಯೋ ಕೊಂಡಿತು. ಅವರಿಗೆ ಬೇಕಿದ್ದದ್ದು ಮೂವತ್ತು ವರ್ಷದ ಹಳೇ ಕಾರ್ಟೂನಿನ ರಾಶಿ. ಅದನ್ನು ಇಟ್ಟುಕೊಂಡು 1992ರ ಅಕ್ಟೋಬರ್ 1ರಂದು ಕಾರ್ಟೂನ್ ನೆಟ್‌ವರ್ಕ್ ಶುರು ಮಾಡಿದರು. ಹಳೇ ಚಿತ್ರ ಮತ್ತೆ ಹಾಕಿದರೂ ದುಡ್ಡು ಬರುತ್ತೆ ಅಂತ 1957ರಲ್ಲಿ ಎಂಜಿಎಂ ಕಂಡುಕೊಂಡ ಅದೇ ಲೆಕ್ಕ. ಈ ಸಲ ಅದರಿಂದ ಒಳ್ಳೇದಾಯಿತು. ಸ್ಟುಡಿಯೋದ ಹೊಸ ಮುಖ್ಯಸ್ಥ ಫ್ರೆಡ್ ಸೀಬರ್ಟ್ ಹೊಸ ಹುಡುಗರನ್ನು ಕರೆದು, ಒಬ್ಬೊಬ್ಬರಿಗೂ ಒಂದು ಏಳು ನಿಮಿಷದ ಚಿತ್ರ ಮಾಡಿ ಅಂದರು. ಹಳೇ ಟಾಮ್ ಅಂಡ್ ಜೆರ್ರಿಯ ಅಳತೆ. ಅದರಿಂದಲೇ ಡೆಕ್ಸ್‌ಟರ್, ಜಾನಿ ಬ್ರಾವೋ, ಕೌ ಅಂಡ್ ಚಿಕನ್, ಪವರ್‌ಪಫ್ ಗರ್ಲ್ಸ್ ಬಂದವು. ತೊಂಬತ್ತರ ದಶಕದಲ್ಲಿ ಹುಟ್ಟಿದವರಿಗೆ ಇವು ಹನ್ನಾ-ಬಾರ್ಬೆರಾದವು ಅಂತ ಗೊತ್ತೇ ಇರಲ್ಲ.

1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. 1998ರಲ್ಲಿ ಸ್ಟುಡಿಯೋದವರು ಲಾಸ್ ಏಂಜಲೀಸ್‌ನ ಕಹುಯೆಂಗಾ ರಸ್ತೆಯ 1963ರ ಕಟ್ಟಡ ಬಿಟ್ಟು ವಾರ್ನರ್ ಅನಿಮೇಷನ್‌ನ ಪಕ್ಕಕ್ಕೆ ಹೋದರು. 2001ರ ಮಾರ್ಚ್‌ನಲ್ಲಿ ಹನ್ನಾ ತೀರಿಕೊಂಡರು. ಆ ವರ್ಷವೇ ಸ್ಟುಡಿಯೋ ವಾರ್ನರ್ ಒಳಗೆ ಕರಗಿತು. ಬಾರ್ಬೆರಾ 2006ರವರೆಗೆ ಬದುಕಿದ್ದರು, 95 ವರ್ಷ.

ಪೆನ್ಸಿಲ್ ತುದಿ:

ಆ ಕಹುಯೆಂಗಾ ಕಟ್ಟಡ ಈಗಲೂ ನಿಂತಿದೆ. ಫೋಟೋ ನೋಡಿದ್ದೀನಿ. ಎಂದಾದರೂ ಹೋಗಿ ಅದರ ಮುಂದೆ ನಿಲ್ಲಬೇಕು ಅಂತ ಆಸೆ.

ಗದಗಿನ ಹಕ್ಕಿ:

ರೀಲಣ್ಣಾ, ನನ್ನ ಪ್ರಶ್ನೆ ಮರೆತುಬಿಟ್ರಿ. ಆ ಕಿರುಚು.

ರೀಲುಪೆಟ್ಟಿಗೆ:

ಕ್ಷಮಿಸಿ ತಂಗಿ. ಮನುಷ್ಯರದ್ದೇ. ವಿಲಿಯಂ ಹನ್ನಾ ಅವರದ್ದು. ಮೈಕ್ ಮುಂದೆ ನಿಂತು ಅವರೇ ಗಂಟಲು ಹರಿಯುವ ಹಾಗೆ ಕಿರುಚಿದರು. ಆಮೇಲೆ ಆ ರೆಕಾರ್ಡಿನ ಶುರುವಿನ ಭಾಗ ಕತ್ತರಿಸಿದರು, ಕೊನೆಯ ಭಾಗವನ್ನೂ ಕತ್ತರಿಸಿದರು. ದನಿ ಏರುವುದಿಲ್ಲ, ಇಳಿಯುವುದಿಲ್ಲ. ಅತಿ ಜೋರಿನ ನಡುಭಾಗ ಮಾತ್ರ ಉಳಿಯಿತು. ಅದಕ್ಕೇ ಅದು ಅಷ್ಟು ತಟ್ಟನೆ ಬಂದು ಬಡಿಯುತ್ತೆ, ನಿಮಗೆ ಮನುಷ್ಯರದ್ದಾ ಅಂತ ಅನುಮಾನ ಬಂದದ್ದೂ ಅದಕ್ಕೇ. 2021ರಲ್ಲಿ ಹೊಸ ಟಾಮ್ ಅಂಡ್ ಜೆರ್ರಿ ಸಿನಿಮಾ ಬಂತಲ್ಲ, ಹನ್ನಾ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅದರಲ್ಲೂ ಅವರ ಹಳೇ ರೆಕಾರ್ಡನ್ನೇ ಬಳಸಿದ್ದಾರೆ.

ಗದಗಿನ ಹಕ್ಕಿ:

ಅಜ್ಜ ಈಗ ಇಲ್ಲ. ಅಜ್ಜಿ ಇದ್ದಾಳೆ. ನಾಳೆ ಫೋನ್ ಮಾಡಿದಾಗ ಹೇಳ್ತೀನಿ.